ಪಿ.ಎಫ್.ಎನ್. ಚಾರ್ಜಿಂಗ್ ದೋಷ: ಕವಚ ಬಿಚ್ಚುವ ಮೊದಲು ಗೆರೆಯನ್ನು ಓದಿ

ಎಲೆಕ್ಟ್ರಾನ್ ವೇಗವರ್ಧಕಕ್ಕೆ ಹೈ ವೋಲ್ಟೇಜ್ ಪಲ್ಸ್ ಒದಗಿಸುವ ಮಾಡ್ಯುಲೇಟರ್ ಕೆಲಸದ ನಡುವೆ ನಿಂತುಹೋದಾಗ ಕನ್ಸೋಲಿನಲ್ಲಿ ಹೊತ್ತಿಕೊಳ್ಳುವುದು ಒಂದೇ ಒಂದು ಕೆಂಪು ದೀಪ: ಓವರ್‌ಕರೆಂಟ್. ಹೈ ವೋಲ್ಟೇಜ್ ಸರಬರಾಜಿನಿಂದ ಮಿತಿ ಮೀರಿ ಕರೆಂಟ್ ಹರಿಯಿತು ಎಂಬುದನ್ನಷ್ಟೇ ಅದು ಹೇಳುತ್ತದೆ. ಯಾರು ಎಳೆದರು, ಯಾಕೆ ಎಳೆದರು ಎಂಬುದು ಅದಕ್ಕೆ ಗೊತ್ತಿಲ್ಲ. ಆದರೂ ಆ ದೀಪ ಕಂಡ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕೈ ಥೈರಟ್ರಾನ್ ಕಡೆಗೆ, ಅಂದರೆ ಪಲ್ಸನ್ನು ಹೊರಬಿಡುವ ಸ್ವಿಚ್ಚಿನ ಕಡೆಗೆ, ಹೋಗುತ್ತದೆ. ಅದು ದುಬಾರಿ, ಅದಕ್ಕೆ ಆಯುಸ್ಸಿದೆ, ಬದಲಿಸುವುದು ಸುಲಭ. ಹಾಗಾಗಿ ಅನುಮಾನ ಅದರ ಮೇಲೇ. ನಾನೂ ಹಾಗೆ ಮಾಡಿ ಮೂರು ದಿನ ಕಳೆದುಕೊಂಡಿದ್ದೇನೆ. ಆ ಪ್ರಸಂಗವನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಅದಕ್ಕೆ ಮೊದಲು ಹೇಳಬೇಕಾದದ್ದು ಇಷ್ಟು: ಪಲ್ಸ್ ಫಾರ್ಮಿಂಗ್ ನೆಟ್‌ವರ್ಕ್ (ಪಿ.ಎಫ್.ಎನ್., ಶಕ್ತಿ ಕೂಡಿಟ್ಟು ಪಲ್ಸ್ ರೂಪಿಸುವ ಕೆಪಾಸಿಟರ್-ಸುರುಳಿಗಳ ಸರಪಳಿ) ಚಾರ್ಜ್ ಆಗುವಾಗ ಆಸಿಲೋಸ್ಕೋಪಿನ ಮೇಲೆ ಮೂಡುವ ಗೆರೆಯಲ್ಲಿ ದೋಷದ ಹೆಸರು ಬಹುಮಟ್ಟಿಗೆ ಬರೆದೇ ಇರುತ್ತದೆ. ಕವಚ ಬಿಚ್ಚುವ ಮೊದಲು ಅದನ್ನು ಓದಬೇಕು.

ಇಲ್ಲಿನ ಅಂಕಿಗಳೆಲ್ಲ ಮ್ಯಾಗ್ನೆಟ್ರಾನಿಗೆ (ಮೈಕ್ರೋವೇವ್ ಹುಟ್ಟಿಸುವ ನಳಿಕೆಗೆ) ಪಲ್ಸ್ ಕೊಡುವ, ನಾನು ನೋಡಿಕೊಳ್ಳುವ ಒಂದು ಮಾಡ್ಯುಲೇಟರ್‌ನವು. ನಿಮ್ಮದರಲ್ಲಿ ಬೆಲೆಗಳು ಬೇರೆ ಇರಬಹುದು, ಲೆಕ್ಕ ಮಾತ್ರ ಇದೇ.

ಸರಿಯಿರುವ ಯಂತ್ರ ಹೇಗಿರುತ್ತದೆ

ಹತ್ತು ಕೆಪಾಸಿಟರುಗಳು, ತಲಾ 10 ನ್ಯಾನೋಫ್ಯಾರಡ್. ಅವುಗಳ ನಡುವೆ ಹತ್ತು ಸುರುಳಿಗಳು, ತಲಾ 6.25 ಮೈಕ್ರೋಹೆನ್ರಿ. ಒಟ್ಟು 0.1 ಮೈಕ್ರೋಫ್ಯಾರಡ್, 62.5 ಮೈಕ್ರೋಹೆನ್ರಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ವರ್ಗಮೂಲ ತೆಗೆದರೆ 25 ಓಂ ಪ್ರತಿಬಾಧೆ (ಇಂಪೀಡೆನ್ಸ್). ಎರಡನ್ನೂ ಗುಣಿಸಿ ವರ್ಗಮೂಲ ತೆಗೆದು ಇಮ್ಮಡಿ ಮಾಡಿದರೆ 5 ಮೈಕ್ರೋಸೆಕೆಂಡ್, ಅದೇ ಪಲ್ಸಿನ ಅಗಲ. ಈ ಸರಪಳಿಯನ್ನು 20 ಕಿಲೋವೋಲ್ಟಿಗೆ ಚಾರ್ಜ್ ಮಾಡಿ ಥೈರಟ್ರಾನ್ ಮೂಲಕ ಸುರಿದರೆ, ಹೊಂದಿಕೆಯಾದ ಹೊರೆಗೆ ಅರ್ಧ ವೋಲ್ಟೇಜ್ ಸಿಗುತ್ತದೆ: 10 ಕಿಲೋವೋಲ್ಟ್, 400 ಆಂಪಿಯರ್. ಪಲ್ಸ್ ಟ್ರಾನ್ಸ್‌ಫಾರ್ಮರ್ ಅದನ್ನು ನಾಲ್ಕು ಪಟ್ಟು ಏರಿಸಿ ಮ್ಯಾಗ್ನೆಟ್ರಾನಿಗೆ 40 ಕಿಲೋವೋಲ್ಟ್, 100 ಆಂಪಿಯರ್ ಕೊಡುತ್ತದೆ. ಇಷ್ಟೆಲ್ಲ ಆರ್ಭಟಕ್ಕೆ ಕೂಡಿಟ್ಟ ಶಕ್ತಿ ಕೇವಲ 20 ಜೂಲ್.

ಚಾರ್ಜ್ ಆಗುವ ದಾರಿ ಹೀಗಿದೆ. 11 ಕಿಲೋವೋಲ್ಟಿನ ಡಿ.ಸಿ. ಸರಬರಾಜು, ಅದರ ಮುಂದೆ 10 ಹೆನ್ರಿಯ ಚೋಕ್ (ಕಬ್ಬಿಣದ ತಿರುಳಿನ ದೊಡ್ಡ ಸುರುಳಿ), ಆಮೇಲೆ ಡಯೋಡ್ ಸಾಲು, ಆಮೇಲೆ ಪಿ.ಎಫ್.ಎನ್. ಚೋಕ್ ಮತ್ತು ಕೆಪಾಸಿಟರ್ ಸೇರಿ ಉಯ್ಯಾಲೆಯಂತೆ ತೂಗುತ್ತವೆ. ಜೋರಾಗಿ ಬಂದ ಉಯ್ಯಾಲೆ ನಡುವಿನಲ್ಲಿ ನಿಲ್ಲದೆ ಆಚೆ ದಡಕ್ಕೆ ಹೋಗುವಂತೆ, ಕೆಪಾಸಿಟರ್ ವೋಲ್ಟೇಜ್ 11ರಲ್ಲಿ ನಿಲ್ಲದೆ ಹತ್ತಿರ ಹತ್ತಿರ ಇಮ್ಮಡಿಗೆ ಏರುತ್ತದೆ. ನಷ್ಟ ಕಳೆದು ಸುಮಾರು 20.9 ಕಿಲೋವೋಲ್ಟ್. ಹಿಂದಕ್ಕೆ ತೂಗದಂತೆ ಡಯೋಡ್ ತಡೆದು ನಿಲ್ಲಿಸುತ್ತದೆ. ಈ ಅರ್ಧ ತೂಗಿಗೆ ಹಿಡಿಯುವ ಸಮಯ 3.14 ಮಿಲಿಸೆಕೆಂಡ್, ತುತ್ತತುದಿಯ ಕರೆಂಟ್ 1.1 ಆಂಪಿಯರ್.

ಸರಬರಾಜಿನ ಏರಿಳಿತ ಪಲ್ಸಿಗೆ ತಾಗದಿರಲೆಂದು ಇನ್ನೊಂದು ಏರ್ಪಾಡಿದೆ. ಚೋಕಿನ ಮೇಲೆ ಎರಡನೆಯ ಸುತ್ತು, ಅದಕ್ಕೆ ಥೈರಿಸ್ಟರ್ (ಅರೆವಾಹಕದ ಸ್ವಿಚ್) ಮತ್ತು ರೆಸಿಸ್ಟರ್. ಪಿ.ಎಫ್.ಎನ್. 20 ಕಿಲೋವೋಲ್ಟ್ ಮುಟ್ಟಿತೆಂದು ವೋಲ್ಟೇಜ್ ಡಿವೈಡರ್ (ಹೈ ವೋಲ್ಟೇಜನ್ನು ಅಳೆಯುವಷ್ಟಕ್ಕೆ ಇಳಿಸಿಕೊಡುವ ರೆಸಿಸ್ಟರ್ ಸಾಲು) ಹೇಳಿದ ಕ್ಷಣ ಥೈರಿಸ್ಟರ್ ಹೊತ್ತಿಕೊಂಡು, ಚೋಕಿನಲ್ಲಿ ಉಳಿದಿದ್ದ ಶಕ್ತಿಯನ್ನು ರೆಸಿಸ್ಟರಿಗೆ ಸುರಿಯುತ್ತದೆ. ಏರಿಕೆ ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ಡಿ-ಕ್ಯೂ ಎನ್ನುತ್ತೇವೆ.

ಈಗ ಗೆರೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಸೊನ್ನೆಗಿಂತ ಒಂದಿಷ್ಟು ಕೆಳಗೆ, ಸುಮಾರು 500 ವೋಲ್ಟ್ ಋಣದಲ್ಲಿ ಶುರು. ಮೊದಲು ನಿಧಾನ, ನಡುವೆ ಬಿರುಸು, ತುದಿಯಲ್ಲಿ ಮತ್ತೆ ನಿಧಾನ. 20 ಕಿಲೋವೋಲ್ಟ್ ಮುಟ್ಟುವಲ್ಲಿ ಕತ್ತರಿಸಿದಂಥ ಸ್ಪಷ್ಟ ಮೂಲೆ. ಅಲ್ಲಿಂದ ಮುಂದಿನ ಟ್ರಿಗರ್ (ಥೈರಟ್ರಾನನ್ನು ಹೊತ್ತಿಸುವ ಸಂಕೇತ) ಬರುವವರೆಗೆ ರಾಗಿ ಕಣದ ನೆಲದಂತೆ ಸಮತಟ್ಟು. ಆಮೇಲೆ ನೇರ ಪ್ರಪಾತ. ಸೆಕೆಂಡಿಗೆ 200 ಪಲ್ಸ್ ಓಡಿಸುವಾಗ ಈ ಸಮತಟ್ಟು ಹತ್ತಿರ ಹತ್ತಿರ 2 ಮಿಲಿಸೆಕೆಂಡ್ ಇರುತ್ತದೆ. ಶುರುವಿನ ಬಿಂದು, ಏರಿಕೆಯ ಸಮಯ, ಮೂಲೆ, ಸಮತಟ್ಟು, ಪ್ರಪಾತದ ಹೊತ್ತು: ನೋಡಬೇಕಾದದ್ದು ಇವನ್ನೇ. ಯಂತ್ರ ಚೆನ್ನಾಗಿರುವಾಗಲೇ ಈ ಚಿತ್ರವನ್ನು ತೆಗೆದು ಲಾಗ್ ಪುಸ್ತಕಕ್ಕೆ ಅಂಟಿಸಿಡಿ. ಕೆಟ್ಟಾಗ ಹೋಲಿಸಲು ಏನೂ ಇಲ್ಲದವನ ಪಾಡು ನನಗೆ ಗೊತ್ತು.

ಕೈ ಹಾಕುವ ಮೊದಲು

ಇದನ್ನು ಹಾರಿಸಿ ಮುಂದೆ ಓದಬೇಡಿ.

ಎಲ್ಲರಿಗೂ ಪಿ.ಎಫ್.ಎನ್. ಕಂಡರೆ ಭಯ, ಇರಲೇಬೇಕು. ಆದರೆ ಅದಕ್ಕಿಂತ ದೊಡ್ಡ ಗಂಡಾಂತರ ಸರಬರಾಜಿನ ಫಿಲ್ಟರ್ ಕೆಪಾಸಿಟರ್. ನಮ್ಮದು 4 ಮೈಕ್ರೋಫ್ಯಾರಡ್. 11 ಕಿಲೋವೋಲ್ಟಿನಲ್ಲಿ 242 ಜೂಲ್, ಪಿ.ಎಫ್.ಎನ್.ನ ಹನ್ನೆರಡು ಪಟ್ಟು. ಇವೆರಡರ ನಡುವೆ ಡಯೋಡ್ ಕುಳಿತಿದೆ ಎಂಬುದನ್ನು ಮರೆಯಬಾರದು. ಫಿಲ್ಟರಿಗೆ ಅರ್ಥಿಂಗ್ ರಾಡ್ (ಚಾರ್ಜನ್ನು ನೆಲಕ್ಕೆ ಹರಿಸುವ ಕೋಲು) ತಾಗಿಸಿದರೆ ಫಿಲ್ಟರ್ ಬರಿದಾಗುತ್ತದೆ, ಪಿ.ಎಫ್.ಎನ್. ಬರಿದಾಗುವುದಿಲ್ಲ. ಡಯೋಡ್ ಅದನ್ನು ಹಿಂದಕ್ಕೆ ಬಿಡುವುದಿಲ್ಲ. ಪಿ.ಎಫ್.ಎನ್.ಗೆ ತಾಗಿಸಿದರೆ ಎರಡೂ ಬರಿದಾಗಬೇಕು ನಿಜ, ಆದರೆ ಚೋಕ್ ಅಥವಾ ಡಯೋಡ್ ಸಾಲು ತುಂಡಾಗಿದ್ದರೆ ಅದೂ ಆಗುವುದಿಲ್ಲ. ನೀವು ಬಂದಿರುವುದೇ ಏನೋ ತುಂಡಾಗಿದೆ ಎಂದು. ಆದ್ದರಿಂದ ಎರಡಕ್ಕೂ ಬೇರೆ ಬೇರೆ ರಾಡ್, ಮೊದಲು ರೆಸಿಸ್ಟರ್ ಇರುವ ರಾಡ್, ಆಮೇಲೆ ನೇರ ಕೊಕ್ಕೆ. ಕೊಕ್ಕೆಯನ್ನು ಕೆಲಸ ಮುಗಿಯುವ ತನಕ ಅಲ್ಲೇ ನೇತುಬಿಡಿ. ಒಮ್ಮೆ ತಾಗಿಸಿ ತೆಗೆದರೆ ಸಾಲದು, ಹೈ ವೋಲ್ಟೇಜ್ ಕೆಪಾಸಿಟರುಗಳ ನಿರೋಧಕ ಪದರದಲ್ಲಿ ಹೀರಿಕೊಂಡ ಚಾರ್ಜ್ ನಿಮಿಷಗಳಲ್ಲಿ ಮತ್ತೆ ಮೇಲೆ ಬರುತ್ತದೆ. ಹತ್ತು ಕೆಪಾಸಿಟರುಗಳಲ್ಲಿ ಒಂದರ ತಂತಿ ಕಳಚಿದ್ದರೆ ಅದು ಒಂಟಿಯಾಗಿ ಚಾರ್ಜ್ ಇಟ್ಟುಕೊಂಡು ಕುಳಿತಿರುತ್ತದೆ, ಹಾಗಾಗಿ ಒಂದೊಂದರ ತುದಿಯನ್ನೂ ಮುಟ್ಟಿಸಿ. ಯಂತ್ರ ಆರಿದ ಮೇಲೆ ಚಾರ್ಜನ್ನು ತಾನಾಗಿ ಇಳಿಸಬೇಕಾದ ಬ್ಲೀಡರ್ ರೆಸಿಸ್ಟರನ್ನು ನಂಬಬೇಡಿ. ಒಬ್ಬರೇ ಈ ಕೆಲಸಕ್ಕೆ ಇಳಿಯಬೇಡಿ. ಪಕ್ಕದಲ್ಲಿ ನಿಂತವರಿಗೆ ಮುಖ್ಯ ಸ್ವಿಚ್ ಎಲ್ಲಿದೆಯೆಂದು ಗೊತ್ತಿರಬೇಕು, ಅದರ ಬೀಗದ ಕೈ ನಿಮ್ಮ ಜೇಬಿನಲ್ಲಿರಬೇಕು.

ಅಳತೆಯನ್ನು ಕವಚ ಮುಚ್ಚಿಯೇ, ಯಂತ್ರದೊಳಗೆ ಕಾಯಮ್ಮಾಗಿ ಕೂರಿಸಿದ ಡಿವೈಡರಿನಿಂದ ಮಾಡಬೇಕು. ಇಂಟರ್‌ಲಾಕ್ (ಬಾಗಿಲು ತೆರೆದರೆ ಯಂತ್ರ ಆರಿಸುವ ಸ್ವಿಚ್) ತಪ್ಪಿಸಿ ಬಾಗಿಲು ತೆರೆದಿಟ್ಟು ಪ್ರೋಬ್ ಹಿಡಿಯುವವರನ್ನು ನೋಡಿದ್ದೇನೆ. ಆ ಅಭ್ಯಾಸಕ್ಕೆ ನನ್ನಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಟ್ರಿಪ್ ಇಲ್ಲ, ಆದರೆ ವೋಲ್ಟೇಜ್ ಏರುತ್ತಿಲ್ಲ

ಗೆರೆ ಸುಂದರವಾಗಿ ಏರಿ 11 ಕಿಲೋವೋಲ್ಟಿನ ಆಸುಪಾಸಿನಲ್ಲೇ ಮಟ್ಟಸವಾಗುತ್ತಿದ್ದರೆ ನೇರವಾಗಿ ಡಿ-ಕ್ಯೂ ಥೈರಿಸ್ಟರಿಗೆ ಹೋಗಿ. ಪಿ.ಎಫ್.ಎನ್. ವೋಲ್ಟೇಜ್ ಸರಬರಾಜನ್ನು ದಾಟುವ ತನಕ ಚೋಕಿನ ಮೇಲಿನ ವೋಲ್ಟೇಜ್ ಒಂದು ದಿಕ್ಕಿನಲ್ಲಿರುತ್ತದೆ, ದಾಟಿದ ಮೇಲೆ ತಿರುಗುತ್ತದೆ. ಡಿ-ಕ್ಯೂ ಸುತ್ತಿನ ಸರಣಿ ಡಯೋಡ್ ಬಿಡುವುದು ತಿರುಗಿದ ದಿಕ್ಕಿನಲ್ಲಿ ಮಾತ್ರ. ಥೈರಿಸ್ಟರ್ ಶಾರ್ಟ್ ಆಗಿದ್ದರೆ ಯಾರ ಅಪ್ಪಣೆಗೂ ಕಾಯದೆ ದಾಟಿದ ಕ್ಷಣದಿಂದಲೇ ಶಕ್ತಿ ರೆಸಿಸ್ಟರಿಗೆ ಸೋರುತ್ತದೆ. ಪಿ.ಎಫ್.ಎನ್. ಅರ್ಧದಲ್ಲೇ ಉಳಿಯುತ್ತದೆ. ರೆಸಿಸ್ಟರ್ ಕೆಂಡದಂತೆ ಕಾಯುತ್ತಿರುತ್ತದೆ, ಅದೇ ಸಾಕ್ಷಿ.

ಮೂಲೆಯೇ ಮಾಯವಾಗಿ ತುದಿ ದುಂಡಗಾಗಿದ್ದರೆ ತದ್ವಿರುದ್ಧ: ಡಿ-ಕ್ಯೂ ಹೊತ್ತಿಕೊಳ್ಳುತ್ತಲೇ ಇಲ್ಲ. ವೋಲ್ಟೇಜ್ 20.9ಕ್ಕೆ ಏರಿ, ಮೇನ್ಸ್ ತುಯ್ದಾಡಿದಂತೆ ತಾನೂ ತುಯ್ದಾಡುತ್ತದೆ.

ಡಿವೈಡರ್ ಕೆಟ್ಟರೆ ಇನ್ನೂ ಮೋಸ. ಡಿ-ಕ್ಯೂ ಕಣ್ಣು ಡಿವೈಡರ್, ಕನ್ಸೋಲಿನ ಮೀಟರಿನ ಕಣ್ಣೂ ಅದೇ. ಎರಡೂ 20 ಎನ್ನುತ್ತಿರುತ್ತವೆ, ನಿಜವಾದದ್ದು 18 ಇರುತ್ತದೆ. ಮ್ಯಾಗ್ನೆಟ್ರಾನ್ ಕರೆಂಟ್ ಇಳಿದಿದೆ, ಪಿ.ಎಫ್.ಎನ್. ವೋಲ್ಟೇಜ್ ಮಾತ್ರ ಕರಾರುವಾಕ್ಕಾಗಿದೆ ಎಂದಾಗ ಈ ಅನುಮಾನ ಬರಬೇಕು. ಅದನ್ನು ಹಿಡಿಯಲು ಸಾವಿರಕ್ಕೊಂದು ಪ್ರಮಾಣದ ಪ್ರತ್ಯೇಕ ಹೈ ವೋಲ್ಟೇಜ್ ಪ್ರೋಬನ್ನು ಯಂತ್ರ ಆರಿಸಿ, ಅರ್ಥ್ ಮಾಡಿ, ಒಳಗೆ ಕಟ್ಟಿ, ಬಾಗಿಲು ಮುಚ್ಚಿ ಓಡಿಸಿ ಹೋಲಿಸುವುದೊಂದೇ ದಾರಿ.

ಮೇಲೇರಿದ್ದು ನಿಲ್ಲುತ್ತಿಲ್ಲ

ಸಮತಟ್ಟು ಇಳಿಜಾರಾಗಿದ್ದರೆ ಎಲ್ಲೋ ಸೋರಿಕೆ. ಎಷ್ಟು ಎಂದು ಲೆಕ್ಕ ಹಾಕುವುದು ಸುಲಭ. 2 ಮಿಲಿಸೆಕೆಂಡಿನಲ್ಲಿ ಶೇಕಡಾ 1, ಅಂದರೆ 200 ವೋಲ್ಟ್ ಇಳಿದರೆ ಸೋರುತ್ತಿರುವುದು 10 ಮಿಲಿಆಂಪಿಯರ್. ಅದು ನೆಲಕ್ಕೆ ಹೋಗುತ್ತಿದ್ದರೆ ಆ ಹೊತ್ತಿನಲ್ಲಿ 200 ವ್ಯಾಟ್ ಎಲ್ಲೋ ಸುಡುತ್ತಿದೆ ಎಂದರ್ಥ. ಕೇಳಲು ಶೇಕಡಾ ಒಂದೇ, ಆದರೆ ಕಡೆಗಣಿಸುವಂಥದ್ದಲ್ಲ. 100 ಮೆಗಾಓಂನ ಡಿವೈಡರ್ ಇಷ್ಟು ಎಳೆಯಲಾರದು. ಥೈರಟ್ರಾನಿನ ಹೊರಮೈಯ ಕೊಳೆ, ತೇವ ಕುಡಿದ ಎಣ್ಣೆ, ಡಯೋಡ್ ಸಾಲು ಇವು ಅನುಮಾನಕ್ಕೆ ಅರ್ಹ. ಎಣ್ಣೆಯ ತೊಟ್ಟಿಗೆ ಉಸಿರಾಡುವ ಕೊಳವೆಯಿದ್ದರೆ ಅದರ ಸಿಲಿಕಾ ಜೆಲ್ ನೋಡಿ. ನಮ್ಮ ಮಳೆಗಾಲದಲ್ಲಿ ನೀಲಿ ಹರಳು ಗುಲಾಬಿಯಾಗಲು ಹೆಚ್ಚು ದಿನ ಬೇಕಿಲ್ಲ. ಗುಲಾಬಿಯಾಗಿದ್ದರೆ ಎಣ್ಣೆಯ ಮಾದರಿ ತೆಗೆದು 2.5 ಮಿಲಿಮೀಟರ್ ಅಂತರದ ಪರೀಕ್ಷೆಗೆ ಹಾಕಿ. 30 ಕಿಲೋವೋಲ್ಟ್ ತಾಳದ ಎಣ್ಣೆಯನ್ನು ಸೋಸದೆ ಯಂತ್ರ ಓಡಿಸಬೇಡಿ.

ಚಾರ್ಜಿಂಗ್ ಡಯೋಡ್ ಸಾಲು ಪೂರ್ತಿ ಶಾರ್ಟ್ ಆದಾಗ ಒಂದು ವಿಚಿತ್ರ ಕಾಣುತ್ತದೆ. ಸಮತಟ್ಟು ಇರುವುದೇ ಇಲ್ಲ, ಉಯ್ಯಾಲೆ ಹಿಂದಕ್ಕೂ ತೂಗುತ್ತದೆ. ಆಗ ಪಲ್ಸಿನ ದರ ಬದಲಿಸಿದಂತೆ ಪಲ್ಸಿನ ಎತ್ತರವೂ ಬದಲಾಗುತ್ತದೆ. ನಮ್ಮ ಯಂತ್ರದಲ್ಲಿ ಒಂದು ಪೂರ್ತಿ ತೂಗು 6.28 ಮಿಲಿಸೆಕೆಂಡ್. ಸೆಕೆಂಡಿಗೆ 160 ಪಲ್ಸ್ ಇಟ್ಟರೆ ಟ್ರಿಗರ್ ಬರುವ ಹೊತ್ತಿಗೆ ವೋಲ್ಟೇಜ್ ಬಹುಮಟ್ಟಿಗೆ ಬುಡಕ್ಕೇ ಬಂದಿರುತ್ತದೆ. ಯಾರಾದರೂ "160ರಲ್ಲಿ ಮಾತ್ರ ಕಿರಣ ಬರುತ್ತಿಲ್ಲ ಸರ್, 200ರಲ್ಲಿ ಬರುತ್ತದೆ" ಎಂದು ಬಂದರೆ ನಾನು ಕುರ್ಚಿಯಿಂದ ಏಳದೆಯೇ ಡಯೋಡ್ ಎನ್ನುತ್ತೇನೆ.

ಡಯೋಡ್ ಸಾಲನ್ನು ಪರೀಕ್ಷಿಸುವವರು ಒಂದು ಮಾತು ನೆನಪಿಡಬೇಕು. ಮಲ್ಟಿಮೀಟರಿನ ಡಯೋಡ್ ಪರೀಕ್ಷೆ ಕೊಡುವುದು ಎರಡೋ ಮೂರೋ ವೋಲ್ಟ್. ಮೂವತ್ತು ನಲವತ್ತು ಡಯೋಡುಗಳ ಸಾಲು ನೇರ ದಿಕ್ಕಿನಲ್ಲೂ ತೆರೆದುಕೊಳ್ಳಲು ಇಪ್ಪತ್ತಕ್ಕೂ ಹೆಚ್ಚು ವೋಲ್ಟ್ ಕೇಳುತ್ತದೆ. ಹಾಗಾಗಿ ಮಲ್ಟಿಮೀಟರ್ ಚೆನ್ನಾಗಿರುವ ಸಾಲನ್ನೂ ಎರಡೂ ದಿಕ್ಕಿನಲ್ಲಿ 'ತುಂಡು' ಎನ್ನುತ್ತದೆ. ಆ ಮಾತು ನಂಬಿ ಒಳ್ಳೆಯ ಸಾಲುಗಳನ್ನು ಎಸೆದವರಿದ್ದಾರೆ. 500 ವೋಲ್ಟಿನ ಮೆಗ್ಗರ್ (ನಿರೋಧ ಅಳೆಯುವ ಮೀಟರ್) ಹಾಕಿ: ನೇರ ದಿಕ್ಕಿನಲ್ಲಿ ಸೊನ್ನೆಯ ಹತ್ತಿರ, ತಿರುವು ದಿಕ್ಕಿನಲ್ಲಿ ಮುಳ್ಳು ಮೇಲಕ್ಕೆ.

ಏರಿಕೆಯ ಸಮಯವೇ ಅಳತೆಗೋಲು

ಇದು ನನಗೆ ತುಂಬ ಇಷ್ಟವಾದ ಪರೀಕ್ಷೆ. ಒಂದೂ ತಿರುಪು ಬಿಚ್ಚದೆ ಕೆಪಾಸಿಟರನ್ನೂ ಚೋಕನ್ನೂ ಅಳೆದಂತೆ. ಡಿ-ಕ್ಯೂ ಮಿತಿಯನ್ನು ಮೇಲಕ್ಕೆ ಸರಿಸಿ, ಸರಬರಾಜನ್ನು ಕಡಿಮೆ ವೋಲ್ಟೇಜಿನಲ್ಲಿಟ್ಟು, ಬುಡದಿಂದ ದುಂಡು ತುದಿಯವರೆಗಿನ ಸಮಯ ಓದಿ. 3.14 ಇದ್ದದ್ದು 2.98ಕ್ಕೆ ಇಳಿದಿದೆಯೆನ್ನಿ. ಹತ್ತರಲ್ಲಿ ಒಂದು ಕೆಪಾಸಿಟರ್ ಕಳಚಿಕೊಂಡರೆ ಒಟ್ಟು ಧಾರಕತೆ ಶೇಕಡಾ 10 ಇಳಿದು ಸಮಯ ಅಷ್ಟಕ್ಕೇ ಬರುತ್ತದೆ. ಆದರೆ ಚೋಕಿನ ಇಂಡಕ್ಟೆನ್ಸ್ ಶೇಕಡಾ 10 ಇಳಿದರೂ ಅದೇ 2.98. ಎರಡನ್ನೂ ಬೇರ್ಪಡಿಸುವುದು ಹೇಗೆ? ಮ್ಯಾಗ್ನೆಟ್ರಾನ್ ಪಲ್ಸ್ ನೋಡಿ. ಅದರ ಅಗಲವೂ ಕುಗ್ಗಿ, ತಲೆಯ ಮೇಲೆ ಹಳ್ಳವೊಂದು ಬಿದ್ದಿದ್ದರೆ ಕೆಪಾಸಿಟರ್. ಪಲ್ಸ್ ಇದ್ದಂತೆಯೇ ಇದ್ದರೆ ಚೋಕ್: ಒಳಗೆ ಸುತ್ತುಗಳು ಶಾರ್ಟ್ ಆಗಿವೆ, ಇಲ್ಲವೇ ಕಬ್ಬಿಣದ ತಿರುಳಿನ ನಡುವಿನ ಖಾಲಿ ಅಂತರದ ಅಳತೆ ತಪ್ಪಿದೆ. ಹಳ್ಳ ಪಲ್ಸಿನ ಮುಂಭಾಗದಲ್ಲಿದ್ದರೆ ಥೈರಟ್ರಾನಿಗೆ ಹತ್ತಿರದ ಕೆಪಾಸಿಟರ್, ಹಿಂಭಾಗದಲ್ಲಿದ್ದರೆ ದೂರದ್ದು. ಅಲೆ ಸರಪಳಿಯ ಕೊನೆ ಮುಟ್ಟಿ ಮರಳಿ ಬರಲು ಹಿಡಿಯುವ ಹೊತ್ತೇ ಪಲ್ಸಿನ ಅಗಲ, ಆದ್ದರಿಂದ ಹಳ್ಳ ಬಿದ್ದ ಜಾಗವೇ ಮನೆ ನಂಬರ್ ಹೇಳುತ್ತದೆ.

ಕೆಪಾಸಿಟರ್ ಕಳಚಿಕೊಳ್ಳದೆ ಶಾರ್ಟ್ ಆದರೆ ಇಷ್ಟು ನಯವಾದ ವಿಚಾರಣೆ ಬೇಕಿಲ್ಲ. ಪಿ.ಎಫ್.ಎನ್. ಮೇಲೇಳುವುದೇ ಇಲ್ಲ, ಮೊದಲ ಪ್ರಯತ್ನಕ್ಕೇ ಟ್ರಿಪ್. ಮೆಗ್ಗರ್ ಒಂದು ನಿಮಿಷದಲ್ಲಿ ಹಿಡಿದುಕೊಡುತ್ತದೆ.

ಎರಡು ಬಗೆಯ ಓವರ್‌ಕರೆಂಟ್

ಈಗ ನನ್ನ ಮೂರು ದಿನಗಳ ಕಥೆ.

ಯಂತ್ರ ಹತ್ತು ಹದಿನೈದು ನಿಮಿಷ ಸಲೀಸಾಗಿ ಓಡುತ್ತಿತ್ತು, ಆಮೇಲೆ ಟ್ರಿಪ್. ಮತ್ತೆ ಚಾಲೂ ಮಾಡಿದರೆ ಓಡುತ್ತಿತ್ತು. ಸರಬರಾಜನ್ನು ಕಡಿಯುವ ರಿಲೇ 2.5 ಆಂಪಿಯರಿಗೆ ಬೀಳುವಂತೆ ಇಟ್ಟಿತ್ತು. ನಾನು ಥೈರಟ್ರಾನ್ ಆರದೆ ಉಳಿಯುತ್ತಿದೆ ಎಂದು ತೀರ್ಮಾನಿಸಿದೆ. ತರ್ಕ ತಪ್ಪಾಗಿರಲಿಲ್ಲ. ಥೈರಟ್ರಾನ್ ಅನಿಲ ತುಂಬಿದ ಸ್ವಿಚ್. ಒಮ್ಮೆ ಹೊತ್ತಿಕೊಂಡರೆ ಅದನ್ನು ಹೊತ್ತಿಸಿದ ಗ್ರಿಡ್ (ಟ್ರಿಗರ್ ಬರುವ ತುದಿ) ಅದನ್ನು ಆರಿಸಲಾರದು, ಕರೆಂಟ್ ತಾನಾಗಿ ನಿಂತು ಒಳಗಿನ ಅಯಾನುಗಳು ಮತ್ತೆ ಅನಿಲವಾಗಬೇಕು. ಅದಕ್ಕಾಗಿಯೇ ಪಿ.ಎಫ್.ಎನ್.ಗಿಂತ ಹೊರೆಯ ಪ್ರತಿಬಾಧೆಯನ್ನು ಒಂದೆಳೆ ಕಡಿಮೆ ಇಡುತ್ತೇವೆ. ಆಗ ಪಲ್ಸ್ ಮುಗಿದ ಮೇಲೆ ಒಂದಿಷ್ಟು ಋಣ ವೋಲ್ಟೇಜ್ ಉಳಿದು ಥೈರಟ್ರಾನ್ ಆರುತ್ತದೆ. ಮೇಲೆ ಹೇಳಿದ 500 ವೋಲ್ಟ್ ಋಣ ಅದೇ. ಉಯ್ಯಾಲೆಯ ನಿಧಾನ ಶುರುವೂ ಇಲ್ಲಿ ನೆರವಾಗುತ್ತದೆ: ಸೊನ್ನೆಯಿಂದ ಹೊರಟರೂ ಮೊದಲ 100 ಮೈಕ್ರೋಸೆಕೆಂಡಿನಲ್ಲಿ ಏರುವುದು ಬರೀ 55 ವೋಲ್ಟ್. ಇಷ್ಟಾದರೂ ಅದು ಆರದಿದ್ದರೆ ಸರಬರಾಜು ಚೋಕ್ ಮೂಲಕ ನೇರ ನೆಲಕ್ಕೆ ಸುರಿಯುತ್ತದೆ. ಮಿಲಿಸೆಕೆಂಡಿಗೆ 1.1 ಆಂಪಿಯರಿನಂತೆ ಕರೆಂಟ್ ಏರಿ ಎರಡೂವರೆ ಮಿಲಿಸೆಕೆಂಡಿನೊಳಗೆ ರಿಲೇ ಬೀಳುತ್ತದೆ.

ಹಾಗಾಗಿ ಮೊದಲ ದಿನ ರಿಸರ್ವಾಯರ್ ಹೀಟರ್ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಕುಳಿತೆ. ರಿಸರ್ವಾಯರ್ ಎಂದರೆ ಥೈರಟ್ರಾನಿನೊಳಗೆ ಹೈಡ್ರೋಜನ್ ಹೀರಿಟ್ಟುಕೊಂಡ ಲೋಹದ ಪೊಟ್ಟಣ. ಬಿಸಿ ಹೆಚ್ಚಿದರೆ ಅನಿಲದ ಒತ್ತಡ ಹೆಚ್ಚುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಒತ್ತಡ ಹೆಚ್ಚಾದರೆ ವೋಲ್ಟೇಜ್ ತಾಳದೆ ಟ್ರಿಗರಿಗೆ ಮೊದಲೇ ಸಿಡಿಯುತ್ತದೆ, ಗೆರೆ ಏರುತ್ತಿರುವಾಗಲೇ ಮುರಿದು ಬೀಳುತ್ತದೆ. ಒತ್ತಡ ಕಡಿಮೆಯಾದರೆ ಪ್ರಪಾತದ ಹೊತ್ತು ಹಿಂದುಮುಂದಾಗಿ ಗೆರೆ ನಡುಗುತ್ತದೆ, ಆನೋಡ್ ಕಾಯುತ್ತದೆ. ಪ್ರತಿ ಸಲ ಬದಲಿಸಿದ ಮೇಲೆ ಹತ್ತು ನಿಮಿಷ ಕಾಯಬೇಕು. ದಿನವಿಡೀ ಕಾದೆ. ಟ್ರಿಪ್ ಬರುತ್ತಲೇ ಇತ್ತು. ಎರಡನೆಯ ದಿನ ಥೈರಟ್ರಾನನ್ನೇ ಬದಲಿಸಿದೆ. ಹೊಸದು ಬಿಸಿಯೇರಿ ಓಡಲು ಶುರುವಾಗಿ ಹನ್ನೆರಡನೆಯ ನಿಮಿಷಕ್ಕೆ ಟ್ರಿಪ್.

ನಮ್ಮ ಹಿರಿಯ ತಂತ್ರಜ್ಞರು ಅಲ್ಲೇ ನಿಂತಿದ್ದರು. "ಸರ್, ಬೀಳುವ ಮೊದಲು ಚೋಕ್ ಒಂದು ಏಟು ಜೋರಾಗಿ ಹೊಡೆಯುತ್ತದೆ, ಕೇಳಿ" ಎಂದರು. 200 ಪಲ್ಸಿನ ಗುಂಯ್ ನಾದದ ನಡುವೆ ಒಂದು ಒಂಟಿ 'ಟಕ್' ನಿಜಕ್ಕೂ ಕೇಳಿಸಿತು. ಆರದೆ ಉಳಿದ ಥೈರಟ್ರಾನಿನಲ್ಲೂ ಚೋಕ್ ಹೊಡೆದೀತು ಎಂದು ನಾನು ವಾದಿಸಿದೆ. "ಇರಬಹುದು ಸರ್. ಆ ಒಂದು ಏಟನ್ನು ಸ್ಕೋಪಿನಲ್ಲಿ ಹಿಡಿದು ನೋಡೋಣವೇ?" ಎಂದರು. ಎರಡು ದಿನ ನಾನು ಮಾಡದೆ ಬಿಟ್ಟಿದ್ದ ಕೆಲಸ ಅದೊಂದೇ. ಆಸಿಲೋಸ್ಕೋಪನ್ನು ಸರಬರಾಜಿನ ಕರೆಂಟ್ 2 ಆಂಪಿಯರ್ ದಾಟಿದಾಗ ಮಾತ್ರ ಒಮ್ಮೆ ಹಿಡಿದು ನಿಲ್ಲುವಂತೆ ಇಟ್ಟು, ಹಿಂದಿನ 10 ಮಿಲಿಸೆಕೆಂಡಿನ ಗೆರೆಯೂ ಸಿಗುವಂತೆ ಮಾಡಿ ಕಾದೆವು.

ಸಿಕ್ಕ ಗೆರೆಯಲ್ಲಿ ಎರಡು ಚೆಂದದ ಪಲ್ಸುಗಳು. ಮೂರನೆಯದು ಪ್ರಪಾತದಂತೆ ಇಳಿದು ಸೊನ್ನೆಯಲ್ಲಿ ನಿಲ್ಲದೆ ನೇರ ಕೆಳಕ್ಕೆ ಹೋಗಿತ್ತು. ಋಣ 19 ಕಿಲೋವೋಲ್ಟ್. ಅಲ್ಲಿಂದ ಕಡಿದಾಗಿ ಏರತೊಡಗಿ ಸೊನ್ನೆ ದಾಟುವುದರೊಳಗೆ ರಿಲೇ ಬಿದ್ದಿತ್ತು.

ಥೈರಟ್ರಾನ್ ಆರದೆ ಉಳಿದಿದ್ದರೆ ಪಿ.ಎಫ್.ಎನ್. ಸೊನ್ನೆಗೆ ಅಂಟಿಕೊಂಡಿರಬೇಕು. ಹೊತ್ತಿರುವ ಥೈರಟ್ರಾನಿನ ಮೇಲೆ ಉಳಿಯುವುದು ನೂರರ ಲೆಕ್ಕದ ವೋಲ್ಟ್ ಅಷ್ಟೇ. ಋಣ 19ಕ್ಕೆ ಹೋಗಿದೆ ಎಂದರೆ ಹೊರೆ ಶಾರ್ಟ್ ಆಗಿದೆ: ಮ್ಯಾಗ್ನೆಟ್ರಾನ್ ಒಳಗೆ ಕಿಡಿ ಹಾರಿದೆ. ಹೊರೆ ಶಾರ್ಟ್ ಆದಾಗ ಅಲೆ ತಲೆಕೆಳಗಾಗಿ ಮರಳಿ ಪೂರ್ತಿ ವೋಲ್ಟೇಜ್ ತಿರುಗಿ ನಿಲ್ಲುತ್ತದೆ. ಆಮೇಲೆ ಚಾರ್ಜಿಂಗ್ ಸೊನ್ನೆಯಿಂದಲ್ಲ, ಋಣ 19ರಿಂದ. ಸರಬರಾಜಿನ 11 ಮತ್ತು ಈ 19 ಸೇರಿ 30 ಕಿಲೋವೋಲ್ಟ್ ಚೋಕಿನ ಮೇಲೆ ಬೀಳುತ್ತದೆ. ತುದಿಯ ಕರೆಂಟ್ 1.1ರ ಬದಲು 3 ಆಂಪಿಯರ್. ಆ 'ಟಕ್' ಇದೇ. ರಿಲೇ ಬೀಳದಿದ್ದರೆ, ಡಿ-ಕ್ಯೂ ಕೂಡ ಕೈಕೊಟ್ಟರೆ, ಪಿ.ಎಫ್.ಎನ್. 40 ಕಿಲೋವೋಲ್ಟಿನ ಆಸುಪಾಸಿಗೆ ಏರಬಹುದಿತ್ತು.

ಮ್ಯಾಗ್ನೆಟ್ರಾನಿನಲ್ಲಿ ಆಗೊಮ್ಮೆ ಈಗೊಮ್ಮೆ ಕಿಡಿ ಹಾರುವುದು ರೋಗವಲ್ಲ. ಅದನ್ನು ಅರಗಿಸಿಕೊಳ್ಳಲೆಂದೇ ಪಿ.ಎಫ್.ಎನ್.ಗೆ ಅಡ್ಡಲಾಗಿ ತಿರುವು ದಿಕ್ಕಿನ ಡಯೋಡ್ ಸಾಲು ಮತ್ತು ಅದರೊಂದಿಗೆ ಸರಣಿಯಲ್ಲಿ 25 ಓಂ ರೆಸಿಸ್ಟರ್ ಇರುತ್ತದೆ. ಋಣ ವೋಲ್ಟೇಜ್ ಉಳಿದರೆ ಈ ದಾರಿ ಅದನ್ನು ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಬರಿದು ಮಾಡಬೇಕು. ಮಾಡಿರಲಿಲ್ಲ. ಹಾಗಾದರೆ ನಮ್ಮ ಕಳ್ಳ ಅಲ್ಲಿ.

ಅರ್ಥ್ ಮಾಡಿ, ಕೊಕ್ಕೆ ನೇತುಹಾಕಿ, ಕವಚ ತೆಗೆದೆವು. ಡಯೋಡ್ ಸಾಲಿಗೆ ಮೆಗ್ಗರ್ ಹಾಕಿದರೆ ಎರಡೂ ದಿಕ್ಕಿನಲ್ಲಿ ಸರಿ. ರೆಸಿಸ್ಟರ್ ಮಲ್ಟಿಮೀಟರಿನಲ್ಲಿ 26 ಓಂ. ಅದೂ ಸರಿಯೇ. ಇಲ್ಲಿಗೆ ಬಿಟ್ಟಿದ್ದರೆ ನಾಲ್ಕನೆಯ ದಿನವೂ ಹೋಗುತ್ತಿತ್ತು. ಆ ರೆಸಿಸ್ಟರ್ ಒಂದು ತುಂಡಲ್ಲ. ನಿಪ್ಪಟ್ಟಿನಷ್ಟಗಲದ ಐದು ಕಪ್ಪು ಬಿಲ್ಲೆಗಳನ್ನು ನಡುವಿನ ತೂತಿನಲ್ಲಿ ಕೋಲಿಗೆ ಪೋಣಿಸಿ, ತುದಿಯಲ್ಲಿ ಸ್ಪ್ರಿಂಗ್ ಹಾಕಿ ಒತ್ತಿ ಹಿಡಿದಿರುತ್ತದೆ. ತಂತ್ರಜ್ಞರು ಟಾರ್ಚನ್ನು ಓರೆಯಾಗಿ ಹಿಡಿದು ಒಂದೊಂದನ್ನೇ ಬೆರಳಿನಿಂದ ತಿರುಗಿಸುತ್ತ ಹೋದರು. ನಾಲ್ಕನೆಯದು ತಿರುಗಿದಾಗ ಸಣ್ಣಗೆ ಕರಕರ ಎಂದಿತು. ಬಿಡಿಸಿ ನೋಡಿದರೆ ಅಂಚಿನಿಂದ ನಡುವಿನ ತೂತಿನವರೆಗೆ ಕೂದಲೆಳೆಯ ಬಿರುಕು. ಅದರ ಮುಖಕ್ಕೆ ಬಳಿದ ಲೋಹದ ಪದರ ಉಗುರಗಲ ಸುಟ್ಟು ಎದ್ದುಹೋಗಿತ್ತು, ಪಕ್ಕದ ಬಿಲ್ಲೆಯ ಮೇಲೆ ಅದೇ ಆಕಾರದ ಮಸಿ. ತಣ್ಣಗಿರುವಾಗ ಸ್ಪ್ರಿಂಗಿನ ಒತ್ತಡಕ್ಕೆ ಬಿರುಕು ಕೂಡಿಕೊಂಡು 26 ಓಂ ತೋರಿಸುತ್ತಿತ್ತು. ಹತ್ತು ನಿಮಿಷ ಓಡಿ ಕಾದಾಗ ಬಾಯಿ ಬಿಡುತ್ತಿತ್ತು. ಟ್ರಿಪ್ ಯಾವಾಗಲೂ ಹತ್ತು ನಿಮಿಷದ ನಂತರವೇ ಏಕೆ ಎಂಬುದಕ್ಕೆ ಆಗ ಉತ್ತರ ಸಿಕ್ಕಿತು.

ಇಲ್ಲಿಂದ ಕಲಿತ ಒಂದು ಪರೀಕ್ಷೆಯನ್ನು ಈಗ ತಪ್ಪದೆ ಮಾಡುತ್ತೇನೆ. ತಿರುವು ಡಯೋಡಿನ ದಾರಿಯಲ್ಲಿ ಸಣ್ಣ ಕರೆಂಟ್ ಟ್ರಾನ್ಸ್‌ಫಾರ್ಮರ್ ಹಾಕಿ ಅದರ ಗೆರೆಯನ್ನೂ ಸ್ಕೋಪಿಗೆ ತಂದಿದ್ದೇನೆ. ಕಿಡಿ ಹಾರಿದಾಗ ಅಲ್ಲಿ ದೊಡ್ಡ ಪಲ್ಸ್ ಕಾಣಲೇಬೇಕು. ಪಿ.ಎಫ್.ಎನ್. ಋಣಕ್ಕೆ ಹೋಗಿದೆ, ಇಲ್ಲಿ ಪಲ್ಸ್ ಇಲ್ಲ ಎಂದರೆ ಆ ದಾರಿ ತುಂಡಾಗಿದೆ. ಥೈರಟ್ರಾನಿನ ದೃಷ್ಟಿಯಿಂದಲೂ ಇದು ಮುಖ್ಯ. ಪಲ್ಸ್ ಮುಗಿದ ಮೊದಲ 25 ಮೈಕ್ರೋಸೆಕೆಂಡುಗಳಲ್ಲಿ ಆನೋಡಿನ ಮೇಲೆ ಎಷ್ಟು ತಿರುವು ವೋಲ್ಟೇಜ್ ಬರಬಹುದು ಎಂಬುದಕ್ಕೆ ತಯಾರಕರು ಮಿತಿ ಕೊಟ್ಟಿರುತ್ತಾರೆ. 19 ಕಿಲೋವೋಲ್ಟಿನ ಹೊಡೆತ ಪದೇ ಪದೇ ತಿಂದರೆ ಒಳ್ಳೆಯ ಥೈರಟ್ರಾನೂ ಹಾಳಾಗುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಗೆರೆ ನಿಜಕ್ಕೂ ಸೊನ್ನೆಗೆ ಅಂಟಿಕೊಂಡಿದ್ದರೂ ತಪ್ಪು ಥೈರಟ್ರಾನಿನದೇ ಆಗಿರಬೇಕಿಲ್ಲ. ಮ್ಯಾಗ್ನೆಟ್ರಾನಿನ ಹೀಟರ್ ತಣ್ಣಗಾಗಿದ್ದರೆ ಅದು ಸರಿಯಾಗಿ ಕರೆಂಟ್ ಎಳೆಯುವುದಿಲ್ಲ, ಹೊರೆಯ ಪ್ರತಿಬಾಧೆ ಏರುತ್ತದೆ, ಪಲ್ಸ್ ಮುಗಿದ ಮೇಲೆ ಋಣದ ಬದಲು ಧನ ವೋಲ್ಟೇಜ್ ಉಳಿಯುತ್ತದೆ. ಥೈರಟ್ರಾನಿಗೆ ಆರಲು ಬಿಡುವೇ ಸಿಗುವುದಿಲ್ಲ. ಮ್ಯಾಗ್ನೆಟ್ರಾನ್ ಓಡುವಾಗ ಹಿಂದಿರುಗುವ ಎಲೆಕ್ಟ್ರಾನುಗಳೇ ಕ್ಯಾಥೋಡನ್ನು ಕಾಯಿಸುವುದರಿಂದ ಶಕ್ತಿ ಏರಿದಂತೆ ಹೀಟರ್ ವೋಲ್ಟೇಜನ್ನು ಇಳಿಸುವ ಸರ್ಕ್ಯೂಟ್ ಇರುತ್ತದೆ. ಅದು ಅಗತ್ಯಕ್ಕಿಂತ ಹೆಚ್ಚು ಇಳಿಸಿದರೂ ಕನ್ಸೋಲಿನಲ್ಲಿ ಹೊತ್ತುವುದು ಅದೇ ಓವರ್‌ಕರೆಂಟ್ ದೀಪ. ಗೆರೆ ಸೊನ್ನೆಗೆ ಅಂಟಿದ್ದು ಕಂಡರೆ, ಅದರ ಹಿಂದಿನ ಪಲ್ಸಿನಲ್ಲಿ ಮ್ಯಾಗ್ನೆಟ್ರಾನ್ ಕರೆಂಟ್ ಪೂರ್ತಿಯಿತ್ತೇ ಎಂದು ಮೊದಲು ನೋಡಿ. ಪೂರ್ತಿಯಿದ್ದರೆ ಆಮೇಲೆ ರಿಸರ್ವಾಯರ್, ಟ್ರಿಗರ್, ಕೊನೆಗೆ ಥೈರಟ್ರಾನ್.

ಐದು ಬಿಲ್ಲೆಗಳನ್ನೂ ಬದಲಿಸಿದೆವು. ಒಂದನ್ನೇ ಬದಲಿಸಿದರೆ ಹೊಸದಕ್ಕೂ ಹಳತಕ್ಕೂ ಓಂ ಬೆಲೆ ಹೊಂದದೆ ಕಾವು ಒಂದರ ಮೇಲೇ ಬೀಳುತ್ತದೆ. ಸ್ಪ್ರಿಂಗಿನ ಒತ್ತಡವನ್ನು ತಯಾರಕರು ಹೇಳಿದ ಉದ್ದಕ್ಕೆ ಹೊಂದಿಸಿ, ಎಣ್ಣೆ ಸೋಸಿ, ಕವಚ ಮುಚ್ಚಿ 8 ಗಂಟೆ ಓಡಿಸಿದೆವು. ನಡುವೆ ಮೂರು ಸಲ ಮ್ಯಾಗ್ನೆಟ್ರಾನಿನಲ್ಲಿ ಕಿಡಿ ಹಾರಿತು. ಮೂರೂ ಸಲ ಗೆರೆ ಋಣಕ್ಕೆ ಇಣುಕಿ, ತಟ್ಟನೆ ಮೇಲೆ ಬಂದು, ಮುಂದಿನ ಪಲ್ಸಿಗೆ ಎಂದಿನ ಜಾಗದಲ್ಲಿ ನಿಂತಿತ್ತು. ರಿಲೇ ಕದಲಲಿಲ್ಲ. ಮರುದಿನ ಬೆಳಿಗ್ಗೆ ಹೊಸ ಥೈರಟ್ರಾನನ್ನು ಬಿಚ್ಚಿ ಅದರ ಪೆಟ್ಟಿಗೆಗೆ ಹಾಕಿ, ಹಳೆಯದನ್ನೇ ಮತ್ತೆ ಕೂರಿಸಿ, ರಿಸರ್ವಾಯರ್ ವೋಲ್ಟೇಜನ್ನು ಅದರ ಮೈಮೇಲೆ ಅಚ್ಚಾಗಿದ್ದ ಬೆಲೆಗೆ ಮರಳಿಸಿದೆವು.